ನಮ್ಮ ಅಕ್ಕಲಕೋಟ ಕಂಡ ಆಪತ್ತುಗಳು

ಭೂಗೋಲದ ಪಾಠದಲ್ಲಿ ಚಂಡಮಾರುತ, ಭೂಕಂಪಗಳ ವಿಷಯ ಬಂದಾಗ ಅವೆಲ್ಲ ಎಲ್ಲೋ ದೂರದ ನಾಡಿನ ಸಂಗತಿಗಳೆಂದು ನಾವು ಓದಿ ಮುಗಿಸುತ್ತೇವೆ. ಅಕ್ಕಲಕೋಟಕ್ಕೆ ಸಮುದ್ರವಿಲ್ಲ, ಎತ್ತರದ ಬೆಟ್ಟವೂ ಇಲ್ಲ. ಆದರೆ ನಮ್ಮ ಮನೆಯ ಹಿರಿಯರು ವರ್ಷಗಳನ್ನು ಎಣಿಸುವ ರೀತಿಯನ್ನು ಕೇಳಿ ನೋಡಿರಿ. "ಅಂವಾ ಎಪ್ಪತ್ತೆರಡರ ಬರದಾಗ ಹುಟ್ಟಿದಂವ", "ಕಿಲ್ಲಾರಿ ಭೂಕಂಪ ಆದ ವರ್ಷ ಆಕಿ ಲಗ್ನ ಆತು" ಎನ್ನುತ್ತಾರೆ. ನಮ್ಮ ಊರಿನ ಪಂಚಾಂಗವೇ ಆಪತ್ತುಗಳದು.

ಇವುಗಳಲ್ಲಿ ಹಳೆಯದು ಬರ. ಅದಕ್ಕೆ ಕಾರಣ ನಮ್ಮ ನೆಲದ ಸ್ಥಾನ. ಅರಬ್ಬಿ ಸಮುದ್ರದಿಂದ ಬರುವ ಮೋಡಗಳು ಸಹ್ಯಾದ್ರಿಯ ಮೇಲೇ ತಮ್ಮ ನೀರನ್ನೆಲ್ಲ ಸುರಿಸಿ ಬರಿದಾಗುತ್ತವೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ನಮ್ಮ ಪಾಲಿಗೆ ಬರುವುದು ಆರೇಳು ನೂರು. ಅದರಲ್ಲೂ ಸೆಪ್ಟೆಂಬರಿನ ಮಳೆಯೇ ಮುಖ್ಯ. ಅದು ಕೈಕೊಟ್ಟರೆ ಹಿಂಗಾರಿ ಜೋಳ ಇಲ್ಲ, ದನಗಳಿಗೆ ಕಣಿಕೆಯೂ ಇಲ್ಲ.

1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಸೊಲ್ಲಾಪುರದ ಸೀಮೆ ಬಹಳ ನೊಂದಿತು. ಆಗ ರೈಲು ಇರಲಿಲ್ಲವೆಂದು ತಿಳಿಯಬೇಡಿರಿ. ಸೊಲ್ಲಾಪುರಕ್ಕೆ 1860ರಲ್ಲಿಯೇ ರೈಲು ಬಂದಿತ್ತು. 1871ರ ಹೊತ್ತಿಗೆ ಅದು ನಮ್ಮ ಅಕ್ಕಲಕೋಟ ರೋಡ ದಾಟಿ ರಾಯಚೂರು ಮುಟ್ಟಿತ್ತು. ಕಾಳು ತರಲು ದಾರಿ ಇತ್ತು, ಕೊಳ್ಳಲು ಕೈಯಲ್ಲಿ ದುಡ್ಡು ಇರಲಿಲ್ಲ. ಅಂಥ ವರ್ಷಗಳಲ್ಲಿ ದಖನ್ನಿನ ಬಡವರು ಮೊದಲು ದನ ಮಾರುತ್ತಿದ್ದರು, ಆಮೇಲೆ ಪಾತ್ರೆ, ಕೊನೆಗೆ ಮನೆಯ ಬಾಗಿಲು, ತೊಲೆಗಳನ್ನೂ ಕಿತ್ತು ಮಾರುತ್ತಿದ್ದರು. ಆ ಬರದ ತರುವಾಯವೇ ಸರಕಾರವು 1880ರಲ್ಲಿ ಕ್ಷಾಮ ಆಯೋಗದ ವರದಿಯನ್ನು ಪಡೆದು, ಬರದ ಕಾಲದಲ್ಲಿ ಏನು ಮಾಡಬೇಕೆಂಬ ನಿಯಮಗಳನ್ನು ಬರೆಯಿಸಿತು.

1972ರ ಬರವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಖಡಿ ಒಡೆದದ್ದು, ರಸ್ತೆ ಹಾಕಿದ್ದು, ಒಡ್ಡು ಕಟ್ಟಿದ್ದು, ಕೆಂಪು ಮಿಲೊ ಜೋಳದ ರೊಟ್ಟಿ, ಮಕ್ಕಳಿಗೆ ಹಂಚಿದ ಸುಕಡಿ ಇವು ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತವೆ. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಲ್ಲಿ ಸುಮಾರು 50 ಲಕ್ಷ ಜನ ಬರಗಾಲದ ಕಾಮಗಾರಿಗಳ ಮೇಲೆ ದುಡಿಯುತ್ತಿದ್ದರು. ಹಿಂದಿನ ಶತಮಾನದಂತೆ ಜನ ರಾಶಿ ರಾಶಿಯಾಗಿ ಸಾಯಲಿಲ್ಲ, ಏಕೆಂದರೆ ಕೈಗೆ ಕೂಲಿ ಇತ್ತು. ವಿ. ಸ. ಪಾಗೆಯವರು ರೂಪಿಸಿದ ಉದ್ಯೋಗ ಖಾತರಿ ಯೋಜನೆ ಬೆಳೆದದ್ದು ಆ ದಿನಗಳಲ್ಲಿಯೇ. ಅದು 1979ರ ಜನವರಿ 26ರಂದು ಕಾಯದೆಯಾಗಿ ಜಾರಿಗೆ ಬಂದಿತು. 2005ರಲ್ಲಿ ಇಡೀ ದೇಶಕ್ಕೆ ಅಂಥದೇ ಕಾಯದೆಯಾಯಿತು. ಇಂಥ ದೊಡ್ಡ ವಿಚಾರದ ಹಿಂದೆ ನಮ್ಮ ಅಜ್ಜಿಯರು ಒಡೆದ ಖಡಿಯೂ ಇದೆ ಎಂಬುದನ್ನು ಪಠ್ಯಪುಸ್ತಕದಲ್ಲಿ ನಾವು ಕಾಣಲಿಲ್ಲ.

ಇನ್ನು ಭೂಕಂಪ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿ ಬಂದ ಜನ ದಣಿದು ಮಲಗಿದ್ದರು. ನಮ್ಮಿಂದ ಈಶಾನ್ಯಕ್ಕೆ ಸುಮಾರು 70 ಕಿಲೋಮೀಟರ್ ದೂರದ ಕಿಲ್ಲಾರಿಯ ಬಳಿ ನೆಲ ಅಲುಗಿತು. ಅದರ ಪ್ರಮಾಣ 6.2. ಲಾತೂರ, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸುಮಾರು 10,000 ಜನ ಸತ್ತರು. ಇಷ್ಟೇ ಪ್ರಮಾಣದ ಕಂಪನ ಬೇರೆ ಕಡೆ ಆದಾಗ ಇಷ್ಟು ಜನ ಸಾಯುವುದಿಲ್ಲ. ಹಾಗಾದರೆ ಇಲ್ಲಿ ಕೊಂದದ್ದು ಯಾವುದು?

ನಮ್ಮ ಮಾಳಿಗೆ ಮನೆಯನ್ನು ನೋಡಿದರೆ ಉತ್ತರ ಸಿಗುತ್ತದೆ. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಇದಕ್ಕಿಂತ ತಂಪಾದ ಮನೆ ಇಲ್ಲ. ಮಳೆಗಾಲದಲ್ಲಿ ಸೋರಿದರೆ ಮೇಲೆ ಇನ್ನಷ್ಟು ಮಣ್ಣು ಹಾಕುತ್ತೇವೆ. ಅಪ್ಪ ಹಾಕಿದ್ದರ ಮೇಲೆ ಮಗ ಹಾಕುತ್ತಾನೆ. ಒಂದು ಲೆಕ್ಕ ಮಾಡೋಣ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದಡಿ ಮಣ್ಣು ಇದ್ದರೆ ಅದು ನೂರು ಘನ ಅಡಿ, ಅಂದರೆ 2.83 ಘನ ಮೀಟರ್. ಒಂದು ಘನ ಮೀಟರ್ ಒಣ ಮಣ್ಣಿನ ತೂಕ ಸುಮಾರು 1,600 ಕಿಲೋ ಹಿಡಿದರೆ ನಮ್ಮ ತಲೆಯ ಮೇಲೆ ನಾಲ್ಕೂವರೆ ಟನ್ನು! ಎರಡಡಿ ಇದ್ದರೆ ಒಂಬತ್ತು. ಮಳೆಯಲ್ಲಿ ತೊಯ್ದರೆ ಇನ್ನೂ ಹೆಚ್ಚು.

ಗೋಡೆಯೂ ಹೊರಗಿನಿಂದ ಕಂಡಂತೆ ಒಂದೇ ಅಲ್ಲ. ಒಳಗೊಂದು ಪದರ, ಹೊರಗೊಂದು ಪದರ, ನಡುವೆ ತುಂಬಿದ ಸಣ್ಣ ಕಲ್ಲು ಮತ್ತು ಮಣ್ಣು. ಎರಡೂ ಪದರಗಳನ್ನು ಹಿಡಿದು ನಿಲ್ಲಿಸುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಅಡ್ಡ ಇಡದಿದ್ದರೆ ಅಲುಗಿದ ಕೂಡಲೇ ಪದರಗಳು ಬೇರೆಯಾಗಿ ಬೀಳುತ್ತವೆ. ಕಿಲ್ಲಾರಿಯ ಕಡೆ ಆದದ್ದು ಇದೇ. ಆದರೆ ಮರದ ಕಂಬಗಳ ಮೇಲೆ ಮಾಳಿಗೆಯ ಭಾರ ನಿಂತಿದ್ದ ಎಷ್ಟೋ ಮನೆಗಳಲ್ಲಿ ಗೋಡೆ ಕುಸಿದರೂ ಅಂಕಣ ಹಾಗೇ ನಿಂತಿತ್ತು, ಅದರ ಕೆಳಗಿದ್ದವರು ಉಳಿದರು. ಹಳೆಯ ಬಡಿಗರ ಕೆಲಸ ತಿಳಿಯದವರ ಕೆಲಸವಾಗಿರಲಿಲ್ಲ.

ಆ ತನಕ ಭೂಕಂಪದ ನಕಾಶೆಯಲ್ಲಿ ಲಾತೂರ ಸೀಮೆಯನ್ನು ಅತ್ಯಂತ ಸುರಕ್ಷಿತವಾದ ಒಂದನೆಯ ವಲಯದಲ್ಲಿ ಹಾಕಿದ್ದರು. 2002ರ ಹೊಸ ನಕಾಶೆಯಲ್ಲಿ ಒಂದನೆಯ ವಲಯ ಎಂಬುದನ್ನೇ ತೆಗೆದುಹಾಕಿದರು.

ಮಳೆ ಬಾರದೆ ನೊಂದ ಊರಿಗೆ ಮಳೆ ಬಂದೂ ನೋವಾಯಿತು. 2020ರ ಅಕ್ಟೋಬರ್ 13ರಂದು ಬಂಗಾಲ ಉಪಸಾಗರದ ವಾಯುಭಾರ ಕುಸಿತವು ಕಾಕಿನಾಡದ ಬಳಿ ದಡ ಹತ್ತಿ, ಹೈದರಾಬಾದನ್ನು ಮುಳುಗಿಸಿ, ಮರುದಿನ ನಮ್ಮ ಮೇಲೆ ಬಂದಿತು. ಚಿತ್ತಿ ಮಳೆಯ ದಿನಗಳವು. ನಳದುರ್ಗದ ಕಡೆಯಿಂದ ಹರಿದು ಬರುವ ಬೋರಿ ಹೊಳೆ ದಂಡೆ ಮೀರಿತು. ದಕ್ಷಿಣಕ್ಕೆ ಭೀಮೆಯೂ ತುಂಬಿತು. ಹೊಳೆಯ ದಂಡೆಯ ಹಳ್ಳಿಗಳಲ್ಲಿ ಬೆಳೆಯ ಜೊತೆಗೆ ಮೇಲಿನ ಕಪ್ಪು ಮಣ್ಣೂ ಕೊಚ್ಚಿಹೋಯಿತು. ಬೆಳೆ ಮರುವರ್ಷ ಬರುತ್ತದೆ. ಮಣ್ಣು ನಮ್ಮ ಆಯುಷ್ಯದಲ್ಲಿ ಮರಳುವುದಿಲ್ಲ. ಇಂಥ ಮಳೆಗೆ ಅದೇ ಮಣ್ಣಿನ ಗೋಡೆಗಳು ನೀರು ಕುಡಿದು, ಒಮ್ಮೊಮ್ಮೆ ಮಳೆ ನಿಂತ ಮೇಲೂ, ಸದ್ದಿಲ್ಲದೆ ಕುಳಿತುಬಿಡುತ್ತವೆ.

ಈ ಲೇಖನ ಬರೆಯುವ ಮುನ್ನ ನಾವು ನಮ್ಮ ನಮ್ಮ ಮನೆಗಳ ಗೋಡೆಗಳನ್ನು ಹೊರಗಿನಿಂದ ಸುತ್ತಿ ನೋಡಿದೆವು. ಕೆಲವು ಕಡೆ ಗೋಡೆ ಹೊಟ್ಟೆ ಬಂದಿದೆ. ಹಾಗೆ ಉಬ್ಬಿದೆ ಎಂದರೆ ಒಳಗೆ ಎರಡು ಪದರಗಳು ಬೇರೆಯಾಗಿವೆ ಎಂದು ಅರ್ಥ. ಮಾಳಿಗೆಯ ಹಳೆಯ ಮಣ್ಣನ್ನು ತೆಗೆದು ತೆಳ್ಳಗೆ ಹಾಕಿ, ನಡುವೆ ಪ್ಲಾಸ್ಟಿಕ್ ಹಾಳೆ ಹಾಸಿದರೆ ಸೋರುವುದೂ ನಿಲ್ಲುತ್ತದೆ, ಭಾರವೂ ಇಳಿಯುತ್ತದೆ. ನಮ್ಮಲ್ಲಿ ಒಬ್ಬರ ಮನೆಯಲ್ಲಿ ಈ ಬೇಸಿಗೆಗೆ ಆ ಕೆಲಸ ಹಿಡಿಯುವುದೆಂದು ಗೊತ್ತಾಗಿದೆ. ಮಣ್ಣು ಇಳಿಸಲು ಬುಟ್ಟಿ ಹಿಡಿದು ನಾವೆಲ್ಲ ಹೋಗುವವರಿದ್ದೇವೆ.