ಎರಡು ಪ್ರತಿಗಳು ಒಂದನ್ನೊಂದು ಒಪ್ಪದಾಗ

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ತಾಯಲೂರಿನಲ್ಲಿ ರೈತನೊಬ್ಬನಿಗೆ ಬೆಳೆಸಾಲಕ್ಕಾಗಿ ಪಹಣಿ ಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಹಿಂದೆ ಅದು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿರುತ್ತಿತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಅಂದಿನಿಂದ ರೈತನ ಹಕ್ಕಿನ ವಿವರವು ಡಿಸ್ಕುಗಳ ಆರೋಗ್ಯವನ್ನು ಅವಲಂಬಿಸಿದೆ. ಇಂತಹ ದಾಖಲೆಗಳನ್ನು ಕಾಯುವ ಯಂತ್ರಗಳ ರೋಗವನ್ನು ಕಂಡುಹಿಡಿಯುವುದು ಹೇಗೆಂಬುದನ್ನು ವಿಚಾರಿಸೋಣ.

ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತವೆ. ತಟ್ಟೆಯ ಒಂದು ಜಾಗ ಕೆಟ್ಟರೆ ಡಿಸ್ಕು ಅದನ್ನು ಬಿಟ್ಟು, ಕಾದಿರಿಸಿದ ಬೇರೆ ಜಾಗವನ್ನು ಬಳಸಿಕೊಳ್ಳುತ್ತದೆ. ಹೀಗೆ ಎಷ್ಟು ಸಲ ಆಯಿತೆಂಬ ಲೆಕ್ಕವನ್ನೂ ಇಟ್ಟಿರುತ್ತದೆ. ಈ ಲೆಕ್ಕ ಏರತೊಡಗಿದಾಗ ಎಚ್ಚರಿಕೆ ಹೊರಡುತ್ತದೆ. ದೀಪವನ್ನು ಕಂಡೂ ಕಾಣದಂತಿರುವ ಅಭ್ಯಾಸ ನಮ್ಮಲ್ಲಿ ಹಲವರಿಗುಂಟು. ಗೂಗಲ್ ಸಂಸ್ಥೆಯವರು ಒಂದು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ದೋಷರಹಿತ ಡಿಸ್ಕಿನದಕ್ಕಿಂತ 39 ಪಟ್ಟು ಹೆಚ್ಚು. ಆದರೆ ಅದೇ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳ ಪೈಕಿ ಶೇಕಡ 36ಕ್ಕೂ ಹೆಚ್ಚಿನವು, ಉಷ್ಣತೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಯಾವ ಸೂಚನೆಯನ್ನೂ ಕೊಟ್ಟಿರಲಿಲ್ಲ. ದೀಪ ಹತ್ತಿದರೆ ನಂಬಬೇಕು. ಹತ್ತಲಿಲ್ಲವೆಂದು ನೆಮ್ಮದಿಯಿಂದ ಇರುವಂತಿಲ್ಲ.

ಆದಕಾರಣವೇ ಹಲವು ಡಿಸ್ಕುಗಳನ್ನು ಒಟ್ಟುಗೂಡಿಸುವುದು. ಒಂದರಲ್ಲಿ 5, ಇನ್ನೊಂದರಲ್ಲಿ 3, ಮೂರನೆಯದರಲ್ಲಿ ಇವುಗಳ ಮೊತ್ತ 8 ಇದೆಯೆನ್ನಿ. ಮೊದಲನೆಯದು ಕೆಟ್ಟರೆ 8ರಿಂದ 3ನ್ನು ಕಳೆದು 5ನ್ನು ಮರಳಿ ಪಡೆಯಬಹುದು. ನಿಜವಾದ ಯಂತ್ರದ ಗಣಿತ ಬೇರೆ, ತತ್ತ್ವ ಇದೇ. ಇಲ್ಲಿ ಒಂದು ಅಪಾಯವುಂಟು. ಕೆಟ್ಟ ಡಿಸ್ಕನ್ನು ತೆಗೆಯಲು ಹೋಗಿ ಪಕ್ಕದ ಒಳ್ಳೆಯ ಡಿಸ್ಕನ್ನು ಎಳೆದರೆ ಉಳಿಯುವುದು ಒಂದೇ ಸಂಖ್ಯೆ. ಅದರಿಂದ ಏನನ್ನೂ ಕಳೆಯಲಾಗದು. ಆದುದರಿಂದ ಡಿಸ್ಕಿನ ಕ್ರಮಸಂಖ್ಯೆಯನ್ನು ಎರಡು ಸಲ ಓದಿಯೇ ಕೈಹಾಕಬೇಕು. ಹೊಸ ಡಿಸ್ಕು ತುಂಬುವುದಕ್ಕೂ ಕಾಲ ಹಿಡಿಯುತ್ತದೆ: ಸೆಕೆಂಡಿಗೆ 20 ಕೋಟಿ ಬೈಟ್‌ನಂತೆ 8 ಲಕ್ಷ ಕೋಟಿ ಬೈಟ್ ಬರೆಯಲು 40,000 ಸೆಕೆಂಡು, ಎಂದರೆ ಸುಮಾರು 11 ಗಂಟೆ. ಅಷ್ಟು ಹೊತ್ತು ಉಳಿದ ಡಿಸ್ಕುಗಳು ಆಸರೆಯಿಲ್ಲದೆ ದುಡಿಯುತ್ತವೆ.

ಕಟ್ಟಡಕ್ಕೇ ಬೆಂಕಿ ಬಿದ್ದರೆ? ಅದಕ್ಕಾಗಿ ದೂರದ ಊರಿನಲ್ಲಿ ಇನ್ನೊಂದು ಪ್ರತಿಯನ್ನು ಇಡುತ್ತಾರೆ. ಮುಖ್ಯ ಯಂತ್ರದಲ್ಲಿ ಬರೆದುದೆಲ್ಲ ಕ್ಷಣಗಳಲ್ಲಿ ಅಲ್ಲಿಗೂ ಹೋಗುತ್ತದೆ. ತೊಡಕು ಹುಟ್ಟುವುದು ಆ ಕ್ಷಣಗಳಲ್ಲಿಯೇ. 2018ರ ಅಕ್ಟೋಬರ್ 21ರಂದು ಅಮೆರಿಕದ ಗಿಟ್‌ಹಬ್ ಸಂಸ್ಥೆಯಲ್ಲಿ, ಕೆಡುತ್ತಿದ್ದ ಜಾಲ ಉಪಕರಣವೊಂದನ್ನು ಬದಲಿಸುವಾಗ ಸಂಪರ್ಕವು 43 ಸೆಕೆಂಡು ಕಡಿಯಿತು. ಪೂರ್ವ ಕರಾವಳಿಯ ಯಂತ್ರ ಹೋಯಿತೆಂದು ಬಗೆದು, ನಿಯಂತ್ರಕ ವ್ಯವಸ್ಥೆಯು ಪಶ್ಚಿಮದ ಪ್ರತಿಗೆ ಪಟ್ಟ ಕಟ್ಟಿತು. ಪೂರ್ವದಲ್ಲಿ ಕೆಲವು ಸೆಕೆಂಡುಗಳ ಬರವಣಿಗೆ ಪಶ್ಚಿಮವನ್ನು ತಲಪದೆ ಉಳಿದಿತ್ತು. ಪಶ್ಚಿಮದಲ್ಲಿ ಸುಮಾರು 40 ನಿಮಿಷಗಳ ಹೊಸ ಬರವಣಿಗೆ ಸೇರಿತು. ಯಾವುದು ಸರಿ? ಎರಡೂ ಸರಿ, ಎರಡೂ ಅಪೂರ್ಣ. ವ್ಯವಸ್ಥೆಯು ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಬೇಕಾಯಿತು. ಅವಸರದಿಂದ ಒಂದನ್ನು ಅಳಿಸದೆ, ಸೇವೆ ನಿಧಾನವಾದರೂ ಚಿಂತೆಯಿಲ್ಲವೆಂದು ಅವರು ದತ್ತಾಂಶವನ್ನು ಉಳಿಸಿಕೊಂಡದ್ದು ಸರಿಯಾದ ನಿರ್ಧಾರವೆಂದೇ ನಮ್ಮ ಅಭಿಪ್ರಾಯ.

ತಾಯಲೂರಿನ ಪಹಣಿಗೆ ಇದನ್ನು ಅನ್ವಯಿಸಿ ನೋಡಿ. ಖಾತೆ ಬದಲಾವಣೆಯು ಒಂದು ಪ್ರತಿಯಲ್ಲಿದ್ದು ಇನ್ನೊಂದರಲ್ಲಿ ಇಲ್ಲವಾದರೆ, ಒಂದೇ ಜಮೀನಿಗೆ ಎರಡು ಹೆಸರುಗಳು ಕಾಣುತ್ತವೆ. ಆಗ ಮೊದಲು ಎರಡು ಕಡೆಯ ಬರವಣಿಗೆಯನ್ನೂ ನಿಲ್ಲಿಸಬೇಕು; ಕೊನೆಯ ನಮೂದಿನ ಸಂಖ್ಯೆ ಹಾಗೂ ವೇಳೆಯನ್ನು ಹೋಲಿಸಬೇಕು; ಎರಡನ್ನೂ ಬೇರೆಡೆ ನಕಲಿಸಿಟ್ಟ ಬಳಿಕವೇ ಜೋಡಣೆಗೆ ತೊಡಗಬೇಕು. ಇನ್ನೊಂದು ಮಾತು: ಮುಖ್ಯ ಯಂತ್ರದಲ್ಲಿ ಯಾರಾದರೂ ತಪ್ಪಾಗಿ ಅಳಿಸಿದರೆ ದೂರದ ಪ್ರತಿಯೂ ವಿಧೇಯತೆಯಿಂದ ಅಳಿಸಿಕೊಳ್ಳುತ್ತದೆ. ಅದಕ್ಕೆ ದಿನದಿನದ ಬ್ಯಾಕಪ್ ಪ್ರತ್ಯೇಕವಾಗಿರಬೇಕು. ತಿಂಗಳಿಗೊಮ್ಮೆ ಅದನ್ನು ಖಾಲಿ ಯಂತ್ರವೊಂದಕ್ಕೆ ಇಳಿಸಿ, ಮನಸ್ಸಿಗೆ ಬಂದ ಇಪ್ಪತ್ತು ಸರ್ವೆ ನಂಬರುಗಳನ್ನು ತೆರೆದು, ಆ ದಿನದ ಮೂಲದೊಡನೆ ಸಾಲುಸಾಲಾಗಿ ತಾಳೆ ನೋಡಬೇಕು.