ಬಿಲ್ಲಿಗೆ ಕಟ್ಟುವ ಬತ್ತಳಿಕೆ: ಕೊಳ್ಳುವ ಮುನ್ನ ಒಂದು ಲೆಕ್ಕ

ಬಿಲ್ಲುಗಾರಿಕೆಯ ಹವ್ಯಾಸ ಹಿಡಿದವರು ಬಿಲ್ಲಿನ ಬೆಲೆಯನ್ನು ಹತ್ತು ಕಡೆ ವಿಚಾರಿಸುತ್ತಾರೆ. ಅದರ ಜೊತೆಗೆ ಬೇಕಾಗುವ ಸಣ್ಣಪುಟ್ಟ ಸಾಮಾನಿನ ವಿಷಯಕ್ಕೆ ಬಂದಾಗ ಮಾತ್ರ ಕೈ ಸಡಿಲ ಬಿಡುತ್ತಾರೆ. ಹೈದರಾಬಾದಿನಲ್ಲಿ ನನ್ನ ಜೊತೆ ಬಾಣ ಬಿಡುವ ಗೆಳೆಯರ ಪೈಕಿ ಹೆಚ್ಚಿನವರ ದುಡ್ಡು ಸೋರಿಹೋದದ್ದು ಇಂಥ ಸಾಮಾನಿಗೇ. ಬಿಲ್ಲಿಗೇ ಕಟ್ಟಿಕೊಳ್ಳುವ ಬತ್ತಳಿಕೆ ಅವುಗಳಲ್ಲೊಂದು. ನನಗದು ಬಲು ಇಷ್ಟದ ವಸ್ತು. ಆದರೂ ಎಲ್ಲರೂ ಕೊಳ್ಳಿ ಎಂದು ಹೇಳಲಾರೆ.

ಹಳೇಬೀಡಿನ ದೇವಾಲಯದ ಗೋಡೆಗಳಲ್ಲಿ ಕಾಣುವ ಬಿಲ್ಲಾಳುಗಳ ಬತ್ತಳಿಕೆ ಇರುವುದು ಬೆನ್ನಿಗೆ. ಬಿಲ್ಲಿನ ಮೈಗೇ ಬಾಣ ಸಿಕ್ಕಿಸುವ ಈಗಿನ ಪದ್ಧತಿಯನ್ನು ಕಳೆದ ಶತಮಾನದಲ್ಲಿ ಬಳಕೆಗೆ ತಂದವರು ಫ್ರೆಡ್ ಬೇರ್ ಅವರಂಥ ಅಮೆರಿಕದ ಬೇಟೆಗಾರರು. ಪೊದೆಯಲ್ಲಿ ನುಸುಳುವಾಗ ಬಾಣ ಗಲಗಲ ಅನ್ನಬಾರದು, ಎರಡನೆಯ ಬಾಣ ಥಟ್ಟನೆ ಕೈಗೆ ಸಿಗಬೇಕು ಎಂಬುದು ಅವರ ಅಗತ್ಯ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ 1991ರ ತಿದ್ದುಪಡಿ ಶೋಕಿಯ ಬೇಟೆಗೆ ಬಾಗಿಲು ಹಾಕಿವೆ. ಅದು ಒಳ್ಳೆಯದೇ ಆಯಿತು. ಬೇಟೆಯ ಆ ಅಗತ್ಯ ನಮಗಿಲ್ಲ, ಹಾಗಾಗಿ ಬಿಲ್ಲಿನ ಬತ್ತಳಿಕೆಗೆ ದುಡ್ಡು ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ನಾನು ಬಿಲ್ಲು ಹಿಡಿದು ನಡೆಯುತ್ತೇನೆಯೇ, ನಿಲ್ಲುತ್ತೇನೆಯೇ?

ಬಿದಿರಿನ ಬಿಲ್ಲಿನಲ್ಲಿ ಇಂಡಿಯನ್ ರೌಂಡ್ ಸ್ಪರ್ಧೆಯ 30, 50 ಮೀಟರ್ ಗುರಿಗೆ ಗೆರೆಯ ಮೇಲೆ ನಿಂತು ಬಾಣ ಬಿಡುವವರಿಗೆ ಇದು ಬೇಡವೇ ಬೇಡ. ಚರ್ಮದ ಕೆಲಸ ಬಲ್ಲವರ ಹತ್ತಿರ ಸೊಂಟಕ್ಕೆ ಕಟ್ಟುವ ಚೀಲ ಹೊಲಿಸಿಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ನಮ್ಮ ಗುಂಪು ಅಭ್ಯಾಸ ಮಾಡುವುದು ವಿಕಾರಾಬಾದ್ ಕಡೆಯ ಗೆಳೆಯರೊಬ್ಬರ ಜಮೀನಿನಲ್ಲಿ. ಬಂಡೆ ಹತ್ತಿ ಇಳಿದು, ಒಂದು ಗುರಿಯಿಂದ ಇನ್ನೊಂದಕ್ಕೆ ನಡೆಯಬೇಕು. ಸೊಂಟದ ಚೀಲ ಲಂಟಾನಕ್ಕೆ ಸಿಕ್ಕಿಕೊಳ್ಳುತ್ತದೆ, ಬಾಣದ ಗರಿ ಕೀಳುತ್ತದೆ. ಅಂಥಲ್ಲಿ ಬಿಲ್ಲಿನ ಬತ್ತಳಿಕೆಗೆ ಬೆಲೆ ಇದೆ.

ಕಟ್ಟುವ ಬಗೆಯಲ್ಲಿ ಮುಖ್ಯವಾದವು ಎರಡು. ಒಂದು ಬೋಲ್ಟಿನದು, ಹೆಚ್ಚಾಗಿ ತೋಳುಗಳನ್ನು ಬಿಚ್ಚಿಡಬಹುದಾದ ಟೇಕ್‌ಡೌನ್ ಬಿಲ್ಲಿಗೆ. ಅಲುಗಾಡದೆ ಕೂರುತ್ತದೆ, ಆದರೆ ಬೋಲ್ಟಿನ ಅಳತೆ ಎಲ್ಲ ಬಿಲ್ಲಿಗೂ ಒಂದೇ ಇರುವುದಿಲ್ಲ. ಇನ್ನೊಂದು ರಬ್ಬರ್ ಪಟ್ಟಿಯದು. ಲಾಂಗ್‌ಬೋ, ಬಿದಿರಿನ ಬಿಲ್ಲು ಇರುವವರಿಗೆ ಇದೇ ಗತಿ, ಏಕೆಂದರೆ ಆ ಬಿಲ್ಲುಗಳಿಗೆ ತೂತು ಕೊರೆಯುವಂತಿಲ್ಲ. ನಾಳೆ ಬಿಲ್ಲು ಬದಲಾಯಿಸಿದರೂ ಜೊತೆಗೆ ಬರುತ್ತದೆಂಬ ಕಾರಣಕ್ಕೆ ನಾನು ಪಟ್ಟಿಯದನ್ನೇ ಆರಿಸಿದೆ.

ಬಾಣ ಹಿಡಿಯುವ ರಬ್ಬರ್ ಹಲ್ಲುಗಳನ್ನು ಮಾತ್ರ ತೀರ ಹತ್ತಿರದಿಂದ ನೋಡಿ. ಮರದ ಬಾಣದ ದಂಡ ಸಾಮಾನ್ಯವಾಗಿ 11/32 ಇಂಚು, ಅಂದರೆ ಸುಮಾರು 8.7 ಮಿ.ಮೀ. ದಪ್ಪ. ತೆಳು ಕಾರ್ಬನ್ ಬಾಣಗಳು 6–7 ಮಿ.ಮೀ. ಕಾರ್ಬನ್ನಿಗೆ ಮಾಡಿದ ಹಲ್ಲಿಗೆ ಮರದ ಬಾಣ ಒತ್ತಿದರೆ ರಬ್ಬರ್ ಸೀಳುತ್ತದೆ. ಮರದ್ದಕ್ಕೆ ಮಾಡಿದ್ದರಲ್ಲಿ ಕಾರ್ಬನ್ ಬಾಣ ಜಾರಿ ಬೀಳುತ್ತದೆ. ಹಲ್ಲುಗಳ ನಡುವಿನ ಅಂತರ ಕಡಿಮೆಯಾದರೆ ಗರಿಗಳು ಒಂದಕ್ಕೊಂದು ಉಜ್ಜಿ ಮುದುಡುತ್ತವೆ. ಮೊನೆಗಳನ್ನು ಪೂರ್ತಿ ಮುಚ್ಚುವಷ್ಟು ಆಳದ ಟೊಪ್ಪಿಗೆ ಇರಲೇಬೇಕು. ಇಲ್ಲಿ ಉಳಿತಾಯ ಮಾಡಬೇಡಿ, ಎಡವಿ ಬಿದ್ದಾಗ ಆ ಮೊನೆ ನಮ್ಮ ಹೊಟ್ಟೆಯ ನೇರಕ್ಕೇ ಇರುತ್ತದೆ.

ಆರು ಬಾಣ ಸೇರಿದರೆ ಬಿಲ್ಲಿನ ತೂಕ ಹತ್ತಿರಹತ್ತಿರ 200 ಗ್ರಾಂ ಏರುತ್ತದೆ, ಬತ್ತಳಿಕೆಯ ತೂಕ ಬೇರೆ. ಅದೂ ಒಂದೇ ಪಕ್ಕಕ್ಕೆ. ಒಂದೊಂದೇ ಬಾಣ ತೆಗೆದಂತೆ ಸಮತೋಲ ಬದಲಾಗುತ್ತ ಹೋಗುತ್ತದೆ. ನಾಲ್ಕು ಬಾಣದ್ದು ನನಗೆ ಹಿತವೆನಿಸಿತು, ಬೆಲೆಯೂ ಕಡಿಮೆ.

ಇನ್ನು ದುಡ್ಡು. ವಿದೇಶದ ಅಂಗಡಿಗಳಲ್ಲಿ ಇಂಥ ಬತ್ತಳಿಕೆಗಳ ಬೆಲೆ ಸಾಮಾನ್ಯವಾಗಿ 50ರಿಂದ 100 ಡಾಲರ್. ಪರದೆಯ ಮೇಲಿನ ಆ ಅಂಕಿಯನ್ನು ರೂಪಾಯಿಗೆ ತಿರುಗಿಸಿ ನಿರ್ಧಾರ ಮಾಡಬೇಡಿ. ಬತ್ತಳಿಕೆ 60 ಡಾಲರ್, ಸಾಗಣೆ 35 ಎಂದಿಟ್ಟುಕೊಳ್ಳಿ. ಕಸ್ಟಮ್ಸ್ ಸುಂಕ ಬೀಳುವುದು 60ರ ಮೇಲಲ್ಲ, ಸಾಗಣೆ ಸೇರಿದ 95ರ ಮೇಲೆ. ವಿಮೆ ಇದ್ದರೆ ಅದೂ ಸೇರುತ್ತದೆ. ಸುಂಕವನ್ನೂ ಕೂಡಿಸಿದ ಮೊತ್ತದ ಮೇಲೆ ಐಜಿಎಸ್‌ಟಿ. ಕಾರ್ಡಿನಲ್ಲಿ ಕೊಟ್ಟರೆ ಹೆಚ್ಚಿನ ಬ್ಯಾಂಕುಗಳು ವಿದೇಶಿ ವಿನಿಮಯ ಶುಲ್ಕವೆಂದು ಶೇ 2ರಿಂದ 3.5ರಷ್ಟು ಹಿಡಿಯುತ್ತವೆ, ಆ ಶುಲ್ಕದ ಮೇಲೆ ಮತ್ತೆ ಶೇ 18 ಜಿಎಸ್‌ಟಿ. ನಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ಕೊರಿಯರ್‌ನವರ ಶುಲ್ಕ ಪ್ರತ್ಯೇಕ. ಅಳತೆ ಕೂಡದಿದ್ದರೆ ವಾಪಸ್ ಕಳಿಸುವ ಖರ್ಚು ಬಹುಮಟ್ಟಿಗೆ ನಮ್ಮ ತಲೆಗೇ. ಕೊರಿಯರ್‌ನವರಿಂದ ಸುಂಕದ ಅಂದಾಜು ಮೊದಲೇ ಕೇಳಿ ಪಡೆಯಿರಿ.

ನಾನು ಇಟ್ಟುಕೊಂಡಿರುವ ಮಿತಿ ಇಷ್ಟು: ಮನೆಬಾಗಿಲಿಗೆ ಬರುವಾಗಿನ ಒಟ್ಟು ಖರ್ಚು ಒಂದು ಡಜನ್ ಒಳ್ಳೆಯ ಬಾಣಗಳ ಬೆಲೆಯನ್ನು ದಾಟಬಾರದು. ದಾಟಿದರೆ ಬಾಣವನ್ನೇ ಕೊಳ್ಳುತ್ತೇನೆ, ಗುರಿ ಸುಧಾರಿಸುವುದು ಬಾಣದಿಂದ.

ತರಿಸುವುದೇ ಆದರೆ ಬಿಡಿ ರಬ್ಬರ್ ಪಟ್ಟಿಗಳನ್ನೂ ಅದೇ ಪಾರ್ಸಲ್ಲಿನಲ್ಲಿ ಸೇರಿಸಿಕೊಳ್ಳಿ. ಇಲ್ಲಿಯ ಏಪ್ರಿಲ್, ಮೇ ಬಿಸಿಲಿಗೆ ರಬ್ಬರ್ ಒಣಗಿ ಬಿರಿಯುತ್ತದೆ. ಆಮೇಲೆ ಪಟ್ಟಿಯೊಂದಕ್ಕೇ ಮತ್ತೆ ಸಾಗಣೆ ಖರ್ಚು ತೆತ್ತರೆ ಪಟ್ಟಿಗಿಂತ ಅದೇ ಹೆಚ್ಚಾದೀತು.