ಮೃಗಯಾತ್ಯಾಗ: ಮಾಡದಿರುವುದು ಬೇರೆ, ಬಿಡುವುದು ಬೇರೆ

ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಸಂಗ ಎಂಬ ಏಳನ್ನು ಪೂರ್ವಾಚಾರ್ಯರು ವ್ಯಸನಗಳೆಂದು ಕರೆದಿದ್ದಾರೆ. ಮಕ್ಕಳಿಗೆ ಈ ಪಾಠವನ್ನು ಹೇಳಿಕೊಡುವಾಗ ನಾವು ಐದನೆಯ ವ್ಯಸನದ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. "ನಮ್ಮ ಮನೆತನದಲ್ಲಿ ಬಂದೂಕು ಹಿಡಿದವರೇ ಇಲ್ಲ, ಇದು ನಮಗೆ ಸಂಬಂಧಿಸಿದ ಮಾತಲ್ಲ" ಎಂದು ಮುಂದಕ್ಕೆ ಸಾಗುತ್ತೇವೆ. ಆದರೆ ಬೇಟೆಯಾಡದಿರುವುದೂ ಬೇಟೆಯನ್ನು ತ್ಯಜಿಸುವುದೂ ಒಂದೆಯೇ? ಈ ಸಂಚಿಕೆಯ ಸ್ವಾಧ್ಯಾಯಕ್ಕೆ ಇದೇ ವಿಷಯ.

೧. ವ್ರತದ ಲಕ್ಷಣ

ಅಭಿಪ್ರಾಯಪೂರ್ವಕವಾಗಿ ಮಾಡಿದ ವಿರತಿಯೇ ವ್ರತವೆಂದು ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಎತ್ತು ಮಾಂಸವನ್ನು ಮುಟ್ಟುವುದಿಲ್ಲ. ಹಾಗೆಂದು ಅದನ್ನು ವ್ರತಿ ಎನ್ನುವವರಿಲ್ಲ. ದೊರೆಯದ ಕಾರಣ ತಿನ್ನದವನು, ಅಸಹ್ಯದಿಂದ ತಿನ್ನದವನು, ದಂಡದ ಭಯದಿಂದ ಕೊಲ್ಲದವನು, ಇವರೆಲ್ಲರೂ ಪಾಪಕಾರ್ಯದಿಂದ ದೂರವಿರುವುದೇನೋ ನಿಜ. ಆದರೆ ಭಯವೂ ಅಸಹ್ಯವೂ ಅಳಿದ ದಿನ ಅವರನ್ನು ತಡೆದು ನಿಲ್ಲಿಸತಕ್ಕದ್ದು ಯಾವುದು? ಆ ತಡೆಯೇ ವ್ರತ.

೨. ಖದಿರಸಾರನ ನಿಯಮ

ಈ ತತ್ತ್ವವನ್ನು ಖದಿರಸಾರನ ಕಥೆ ಸ್ಪಷ್ಟಪಡಿಸುತ್ತದೆ. ವಿಂಧ್ಯಪರ್ವತದ ಅಡವಿಯಲ್ಲಿದ್ದ ಈ ಬೇಡನು ಸಮಾಧಿಗುಪ್ತ ಮುನಿಗಳನ್ನು ಕಂಡು ನಮಸ್ಕರಿಸಿದನು. ಮದ್ಯಮಾಂಸಾದಿಗಳನ್ನು ಬಿಡುವುದೇ ಧರ್ಮವೆಂದು ಮುನಿಗಳು ಉಪದೇಶಿಸಲು, ಬೇಟೆಯಿಂದಲೇ ಬದುಕುವ ತನಗೆ ಅದು ಸಾಧ್ಯವಿಲ್ಲವೆಂದು ಅವನು ಒಪ್ಪಿಕೊಂಡನು. ಕಾಗೆಯ ಮಾಂಸವನ್ನು ಹಿಂದೆ ಎಂದಾದರೂ ತಿಂದಿದ್ದೆಯಾ ಎಂದು ಮುನಿಗಳು ಕೇಳಿದರು. ಇಲ್ಲವೆಂದನು. ಹಾಗಾದರೆ ಅದನ್ನೇ ಬಿಡು ಎಂದರು. ಅವನು ಕಾಕಮಾಂಸ ತ್ಯಾಗದ ನಿಯಮವನ್ನು ಕೈಕೊಂಡನು.

ವಾಚಕರು ಇಲ್ಲಿ ತುಸು ನಿಂತು ಯೋಚಿಸಬೇಕು. ತಾನು ಎಂದೂ ತಿನ್ನದ ವಸ್ತುವನ್ನು ಅವನು ಬಿಟ್ಟನು. ಲೋಕದೃಷ್ಟಿಗೆ ಅವನು ಬಿಟ್ಟದ್ದು ಏನೂ ಇಲ್ಲ. ಆದರೆ ಕಾಲಾಂತರದಲ್ಲಿ ಅವನು ರೋಗಪೀಡಿತನಾದಾಗ ವೈದ್ಯನು ಹೇಳಿದ ಔಷಧ ಕಾಗೆಯ ಮಾಂಸವೇ ಆಗಿತ್ತು! ಬಂಧುಗಳು ಒತ್ತಾಯಿಸಿದರೂ, ಪ್ರಾಣ ಹೋದರೂ ಗುರುಸಾಕ್ಷಿಯಾದ ನಿಯಮವನ್ನು ಮುರಿಯಲಾರೆನೆಂದು ಅವನು ನಿಂತನು. ಮೈದುನನಾದ ಶೂರವೀರನು ಬಂದು, ದಾರಿಯಲ್ಲಿ ಯಕ್ಷಿಯೊಬ್ಬಳಿಂದ ಈ ನಿಯಮದ ಫಲವನ್ನು ಕೇಳಿದುದನ್ನು ತಿಳಿಸಿದಾಗ, ಖದಿರಸಾರನು ಸರ್ವಮಾಂಸವನ್ನೂ ತ್ಯಜಿಸಿ, ಶ್ರಾವಕವ್ರತಗಳನ್ನು ಸ್ವೀಕರಿಸಿ, ಮರಣಾನಂತರ ಸೌಧರ್ಮಕಲ್ಪದಲ್ಲಿ ದೇವನಾದನು. ಬರಿಗೈಯಂತೆ ತೋರಿದ ತ್ಯಾಗವೇ ಪೂರ್ಣತ್ಯಾಗಕ್ಕೆ ಬಾಗಿಲಾಯಿತು.

ಆ ಜೀವವೇ ಮುಂದೆ ಮಗಧದ ಅರಸನಾದ ಶ್ರೇಣಿಕ. ಆದರೆ ಹಿಂದಿನ ಜನ್ಮದ ವ್ರತ ಈ ಜನ್ಮದಲ್ಲಿ ತಾನಾಗಿ ಜೊತೆಗೆ ಬರಲಿಲ್ಲ. ಅರಸನಾದ ಶ್ರೇಣಿಕನು ಬೇಟೆಗೆ ಹೊರಟನು. ಧ್ಯಾನಸ್ಥರಾಗಿದ್ದ ಯಶೋಧರ ಮುನಿಗಳ ಮೇಲೆ ಬೇಟೆನಾಯಿಗಳನ್ನು ಛೂಬಿಟ್ಟನು. ಅವು ಶಾಂತವಾಗಿ ನಿಲ್ಲಲು, ಸತ್ತ ಹಾವನ್ನು ಮುನಿಗಳ ಕೊರಳಿಗೆ ಹಾಕಿ ಏಳನೆಯ ನರಕದ ಆಯುಷ್ಯವನ್ನು ಕಟ್ಟಿಕೊಂಡನು. ಮುಂದೆ ಕ್ಷಾಯಿಕ ಸಮ್ಯಕ್ತ್ವದ ಬಲದಿಂದ ಅದು ಮೊದಲನೆಯ ನರಕಕ್ಕೆ ಇಳಿಯಿತಾದರೂ ಪೂರ್ತಿಯಾಗಿ ಅಳಿಯಲಿಲ್ಲ. ಭಾವಿ ತೀರ್ಥಂಕರನಾಗಲಿರುವ ಜೀವಕ್ಕೇ ಈ ಗತಿಯಾದರೆ, ಕುಲದ ಹೆಸರಿನಿಂದಲೇ ನಾವು ಸುರಕ್ಷಿತರೆಂದು ತಿಳಿಯುವುದು ಹೇಗೆ?

೩. ನಮ್ಮ ನಾಡಿನ ಬೇಟೆ

ನಮ್ಮ ಬೀದರ ಸೀಮೆಗೆ ಬೇಟೆ ಅಪರಿಚಿತವಲ್ಲ. ಇಂದಿನ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, ಸುಮಾರು ೧೧೩೦ರಲ್ಲಿ, ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವೆಂಬ ಗ್ರಂಥವನ್ನು ರಚಿಸಿದನು. ಅದರಲ್ಲಿ ಮೃಗಯೆಯು ಅರಸರ ವಿನೋದ. ಪಳಗಿಸಿದ ಸಿವಂಗಿಯನ್ನು ಜಿಂಕೆಗಳ ಮೇಲೆ ಬಿಡುವ ವರ್ಣನೆಯೂ, ಬೇಟೆಯ ಮಾಂಸದ ಅಡುಗೆಗಳೂ ಅಲ್ಲಿವೆ. ಒಂದೇ ಕಾರ್ಯವನ್ನು ಅರಸನ ಗ್ರಂಥ ವಿನೋದವೆಂದಿತು, ಶ್ರಾವಕಾಚಾರಗಳು ವ್ಯಸನವೆಂದವು. ಆ ವಿನೋದದ ಫಲವೇನಾಯಿತೆಂಬುದಕ್ಕೆ ಸಿವಂಗಿಯೇ ಸಾಕ್ಷಿ. ಅರಸರು ಹಿಡಿದು ಪಳಗಿಸಿದ, ಬೇಟೆಗಾರರು ಕೊಂದ ಆ ಪ್ರಾಣಿ ಭಾರತದಲ್ಲಿ ಅಳಿದುಹೋಯಿತೆಂದು ೧೯೫೨ರಲ್ಲಿ ಘೋಷಿಸಲಾಯಿತು. ೨೦೨೨ರಲ್ಲಿ ಅದನ್ನು ಆಫ್ರಿಕಾದ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋ ಅರಣ್ಯಕ್ಕೆ ತರಬೇಕಾಯಿತು.

ಸಿವಂಗಿ ಹೋದರೂ ಕೃಷ್ಣಮೃಗ ನಮ್ಮ ಜಿಲ್ಲೆಯ ಹುಲ್ಲುಗಾವಲುಗಳಲ್ಲಿ ಇನ್ನೂ ಉಳಿದಿದೆ. ವಸುನಂದಿ ಆಚಾರ್ಯರ ವಿಚಾರ ಇಲ್ಲಿ ಸ್ಮರಣೀಯ. ಅಪರಾಧ ಮಾಡಿದ ಶತ್ರುವೂ ಬೆನ್ನು ತೋರಿಸಿ ಓಡಿದರೆ, ಹಲ್ಲಿನಲ್ಲಿ ಹುಲ್ಲು ಕಚ್ಚಿದರೆ, ಶೂರರು ಅವನನ್ನು ಕೊಲ್ಲುವುದಿಲ್ಲ. ಸದಾ ಓಡುವ, ಸದಾ ಹುಲ್ಲನ್ನೇ ಮೇಯುವ, ಯಾವ ಅಪರಾಧವನ್ನೂ ಮಾಡದ ಮೃಗವನ್ನು ಕೊಲ್ಲುವುದು ಯಾವ ಶೌರ್ಯ?

೪. ಮೂರು ವಾದಗಳು, ಅವುಗಳ ಸಮಾಧಾನ

ಜಿಂಕೆಯ ವಿಷಯದಲ್ಲಿ ಇದನ್ನು ಒಪ್ಪುವವರೂ ಕ್ರೂರಮೃಗದ ಮಾತು ಬಂದಾಗ ಹಿಂಜರಿಯುತ್ತಾರೆ. ಅಮೆರಿಕದ ಪಶ್ಚಿಮ ಭಾಗದ ಹಲವು ರಾಜ್ಯಗಳಲ್ಲಿ ಕರಡಿಯನ್ನೂ, ಕೂಗರ್ ಎಂಬ ದೊಡ್ಡ ಕಾಡುಬೆಕ್ಕನ್ನೂ ಪರವಾನಗಿ ಪಡೆದು ಬೇಟೆಯಾಡಿ ಮಾಂಸವನ್ನು ಉಣ್ಣುವವರಿದ್ದಾರೆ. ಕ್ಯಾಲಿಫೋರ್ನಿಯಾದ ಮತದಾರರು ಮಾತ್ರ ೧೯೯೦ರಲ್ಲಿ ಕೂಗರ್ ಬೇಟೆಯನ್ನು ನಿಷೇಧಿಸಿದರು. ಅಲ್ಲಿ ನೆಲೆಸಿದ ನಮ್ಮ ಮಕ್ಕಳ ಕಿವಿಗೆ ಬೀಳುವ ವಾದಗಳಿಗೆ ಅಮೃತಚಂದ್ರ ಸೂರಿಗಳು ಹತ್ತನೆಯ ಶತಮಾನದಲ್ಲಿಯೇ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಉತ್ತರ ಕೊಟ್ಟಿರುವುದು ವಿಶೇಷ.

ಮೊದಲನೆಯ ವಾದ: ಕ್ರೂರಮೃಗವೊಂದನ್ನು ಕೊಂದರೆ ಅನೇಕ ಜೀವಗಳು ಉಳಿಯುತ್ತವೆ. ಈ ನೆಪದಿಂದ ಹಿಂಸ್ರಜೀವಿಗಳನ್ನು ಕೊಲ್ಲಕೂಡದೆಂದು ಸೂರಿಗಳು ಸ್ಪಷ್ಟವಾಗಿ ಹೇಳಿದ್ದಾರೆ. ಮೃಗವು ತನ್ನ ಹಸಿವಿನಿಂದ ಕೊಲ್ಲುತ್ತದೆ. ಅದರ ಕರ್ಮ ಅದರದು. ನ್ಯಾಯಾಧೀಶನ ವೇಷ ಧರಿಸಿ ಬಾಣ ಹೂಡುವವನ ಕಷಾಯ ಅವನದೇ. ನಮ್ಮ ನಾಡಿನ ಕರಡಿಯಂತೂ ಬಹುತೇಕ ಗೆದ್ದಲು, ಇರುವೆ, ಹಣ್ಣು, ಜೇನುಗಳಿಂದ ಹೊಟ್ಟೆ ಹೊರೆಯುವ ಪ್ರಾಣಿ.

ಎರಡನೆಯ ವಾದ: ಅನೇಕ ಸಣ್ಣ ಜೀವಗಳ ಘಾತದಿಂದಾದ ಆಹಾರಕ್ಕಿಂತ ಒಂದು ದೊಡ್ಡ ಪ್ರಾಣಿಯ ಆಹಾರ ಲೇಸು. ಇದನ್ನೂ ಅವರು ನಿರಾಕರಿಸಿದ್ದಾರೆ. ಹಸಿಯಾಗಿರಲಿ, ಬೆಂದಿರಲಿ, ಬೇಯುತ್ತಿರಲಿ, ಮಾಂಸದಲ್ಲಿ ನಿಗೋದಜೀವಗಳ ಉತ್ಪತ್ತಿ ನಿರಂತರ. ತಾನಾಗಿಯೇ ಸತ್ತ ಎಮ್ಮೆ ಎತ್ತುಗಳ ಮಾಂಸದಲ್ಲಿಯೂ ಹಿಂಸೆಯುಂಟೆಂದ ಮೇಲೆ, ಕೊಂದುದನ್ನು ಚೆಲ್ಲದೆ ಉಂಡ ಮಾತ್ರಕ್ಕೆ ದೋಷ ಕಳೆಯಲಾರದು. ಕರಡಿ ಮತ್ತು ಕೂಗರ್ ಮಾಂಸದಿಂದ ಟ್ರೈಕಿನೆಲ್ಲಾ ಎಂಬ ಹುಳು ದೇಹವನ್ನು ಸೇರುವುದೆಂದು ವೈದ್ಯರು ಎಚ್ಚರಿಸುತ್ತಾರೆ. ಆ ಭಯದಿಂದ ಬಿಟ್ಟರೆ ಅದು ಆರೋಗ್ಯರಕ್ಷಣೆ, ವ್ರತವಲ್ಲ.

ಮೂರನೆಯ ವಾದ ನಮ್ಮ ಮನೆಯದೇ: ಹಂದಿ, ಜಿಂಕೆಗಳು ಬೆಳೆಯನ್ನು ಹಾಳುಮಾಡುತ್ತವೆ, ಒಕ್ಕಲುತನ ಮಾಡುವವನು ಏನು ಮಾಡಬೇಕು? ಭಾಲ್ಕಿ, ಔರಾದ ಕಡೆಯ ತೊಗರಿ, ಹೆಸರು, ಕಬ್ಬಿನ ಹೊಲಗಳಿರುವವರಿಗೆ ಈ ಕಷ್ಟ ಕಲ್ಪಿತವಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಹಿಂಸೆಗಳಲ್ಲಿ ಅಣುವ್ರತಿಯು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ಬಿಡುತ್ತಾನೆ, ಉಳಿದವುಗಳಲ್ಲಿ ಯತ್ನಾಚಾರದಿಂದಿರುತ್ತಾನೆ. ಕಾವಲು ಕಾಯುವುದು, ಸದ್ದು ಮಾಡಿ ಓಡಿಸುವುದು, ಬೇಲಿ ಕಟ್ಟುವುದು, ಅರಣ್ಯ ಇಲಾಖೆಯಿಂದ ಬೆಳೆನಷ್ಟದ ಪರಿಹಾರ ಕೇಳುವುದು ರಕ್ಷಣೆ. ಬೇಲಿಗೆ ವಿದ್ಯುತ್ತನ್ನು ಹರಿಸಿ, ಉರುಲನ್ನು ಒಡ್ಡಿ, ಸಾವಿಗಾಗಿ ಕಾದಿರುವುದು ಸಂಕಲ್ಪ. ಕಾನೂನೂ ಇದೇ ಭೇದವನ್ನು ಕಾಣುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಕರಡಿ, ಚಿರತೆ, ಕೃಷ್ಣಮೃಗಗಳು ಒಂದನೆಯ ಅನುಸೂಚಿಯಲ್ಲಿವೆ. ಅವುಗಳ ಬೇಟೆಗೆ ಕನಿಷ್ಠ ೩ ವರ್ಷ ಸೆರೆವಾಸ. ಆದರೆ ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಮಾಡಿದ ಪ್ರತಿರೋಧ ಅಪರಾಧವೆನಿಸುವುದಿಲ್ಲ.

೫. ಮನೆಯೊಳಗಿನ ಬೇಟೆ

ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿಂದ ಪಾಪವು ಒಳಬರುತ್ತದೆ. ಕೃತದ ಬಾಗಿಲನ್ನು ಮುಚ್ಚಿದ ಮನೆಯಲ್ಲಿ ಉಳಿದೆರಡು ತೆರೆದಿರಬಹುದು. ಮಗು ಬೆಚ್ಚಬಾರದೆಂದು ಕರಡಿಯ ಕೂದಲಿನ ತಾಯತವನ್ನು ಕಟ್ಟುವುದುಂಟು. ಕೀಲುನೋವಿಗೆಂದು ಕರಡಿಯ ಕೊಬ್ಬನ್ನು ಹುಡುಕುವುದುಂಟು. ೨೦೨೩ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕಗಳ ವಿಷಯವಾಗಿ ಕರ್ನಾಟಕದಲ್ಲೆಲ್ಲ ಚರ್ಚೆಯೆದ್ದಾಗ, ಅಂಥ ಪದಕಗಳು ಎಷ್ಟು ಸಹಜವೆಂಬಂತೆ ಕೊರಳುಗಳಲ್ಲಿ ಇದ್ದವೆಂಬುದು ಕಂಡುಬಂದಿತು. ಕೊಳ್ಳುವವನಿಲ್ಲದೆ ಕೊಲ್ಲುವವನಿಲ್ಲ. ಖದಿರಸಾರನಿಗೆ ಪರೀಕ್ಷೆ ಬಂದದ್ದು ಔಷಧದ ರೂಪದಲ್ಲಿಯೇ ಎಂಬುದನ್ನು ಮರೆಯಬಾರದು.

ಮೃಗಗಳು ಇಂಥಲ್ಲಿವೆಯೆಂದು ಬೇಟೆಗಾರರಿಗೆ ತಿಳಿಸುವುದು ಪಾಪೋಪದೇಶ. ಬಲೆ, ಬಂದೂಕುಗಳನ್ನು ಎರವಲು ಕೊಡುವುದು ಹಿಂಸಾದಾನ. ಬೇಟೆಯ ಕಥೆಗಳನ್ನು ಆಸಕ್ತಿಯಿಂದ ಕೇಳುವುದು ದುಃಶ್ರುತಿ. ಇವು ಅನರ್ಥದಂಡಗಳು. ಮೊಬೈಲಿನಲ್ಲಿ ಬೇಟೆಯ ದೃಶ್ಯಗಳನ್ನು ನೋಡಿ ಹಿಗ್ಗುವ ಬಾಲಕನಿಗೆ ಇದನ್ನು ತಾಯಿತಂದೆಗಳು ಮೃದುವಾಗಿ ತಿಳಿಸಬೇಕು.

೬. ನಿಯಮ

ಬರುವ ಚತುರ್ದಶಿಯಂದು, ಕೊಳಾರವಿರಲಿ, ಬೀದರವಿರಲಿ, ದೂರದೇಶವಿರಲಿ, ಜಿನಬಿಂಬದ ಮುಂದೆ ಕುಟುಂಬದವರೆಲ್ಲರೂ ಈ ನಿಯಮವನ್ನು ಬಾಯಿಬಿಟ್ಟು ಹೇಳಿ ಸ್ವೀಕರಿಸಬಹುದು: "ಸಂಕಲ್ಪಪೂರ್ವಕವಾಗಿ ಯಾವ ತ್ರಸಜೀವವನ್ನೂ ಕೊಲ್ಲುವುದಿಲ್ಲ, ಕೊಲ್ಲಿಸುವುದಿಲ್ಲ, ಕೊಂದವರನ್ನು ಮೆಚ್ಚುವುದಿಲ್ಲ. ಮೃಗಗಳ ಮಾಂಸ, ಕೊಬ್ಬು, ಚರ್ಮ, ಉಗುರು, ಕೂದಲುಗಳನ್ನು ಔಷಧವೆಂದಾಗಲಿ ರಕ್ಷೆಯೆಂದಾಗಲಿ ಸ್ವೀಕರಿಸುವುದಿಲ್ಲ."

ಇದರಿಂದ ನಾಳಿನ ಅಡುಗೆಯಲ್ಲಾಗಲಿ ನಡೆಯಲ್ಲಾಗಲಿ ಏನೂ ಬದಲಾಗದಿರಬಹುದು. ಖದಿರಸಾರನಿಗೂ ಮೊದಲ ದಿನ ಏನೂ ಬದಲಾಗಿರಲಿಲ್ಲ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

೧. ಖದಿರಸಾರನು ಎಂದೂ ತಿನ್ನದ ಮಾಂಸವನ್ನೇ ಮುನಿಗಳು ಬಿಡಿಸಿದುದೇಕೆ?
೨. ವಿರೋಧೀ ಹಿಂಸೆ ಎಲ್ಲಿ ಮುಗಿದು ಸಂಕಲ್ಪೀ ಹಿಂಸೆ ಎಲ್ಲಿ ತೊಡಗುತ್ತದೆ? ಹೊಲದ ಉದಾಹರಣೆಯಿಂದ ವಿವರಿಸಿರಿ.
೩. ಕ್ರೂರಮೃಗಗಳ ವಧೆಯನ್ನು ಅಮೃತಚಂದ್ರ ಸೂರಿಗಳು ಏಕೆ ಒಪ್ಪಲಿಲ್ಲ?
೪. ನಿಮ್ಮ ಮನೆಯಲ್ಲಿ ಕಾರಿತ, ಅನುಮೋದನೆಗಳ ಬಾಗಿಲು ಯಾವುದಾದರೂ ತೆರೆದಿದೆಯೇ?